ಬೆಳಗದ ಗಾಜು

ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಮೊದಲು ಕೊಡುವ ಕೆಲಸ ಗಾಜು ತೊಳೆಯುವುದು. ಎಂ.ಎಸ್ಸಿ.ಯಲ್ಲಿ ಫಸ್ಟ್ ಕ್ಲಾಸ್ ಬಂದವರ ಮುಖವನ್ನು ಆಗ ನೋಡಬೇಕು, ಹರಳೆಣ್ಣೆ ಕುಡಿದವರ ಹಾಗಿರುತ್ತದೆ. ಬೇಸರಪಟ್ಟುಕೊಳ್ಳಬೇಡಿ. ನಾನು ಮೂವತ್ತೊಂದು ವರ್ಷ ಗಾಜು ತೊಳೆದೆ. ಎರಡು ಬೆರಳಗಲದ ಕ್ವಾರ್ಟ್ಸ್ ಗಾಜಿನ ಚೂರುಗಳು. ಮೊದಲು ಸೋಪಿನ ನೀರು, ಆಮೇಲೆ ಬರೀ ನೀರು, ಆಮೇಲೆ ಭಟ್ಟಿ ಇಳಿಸಿದ ನೀರು, ಕೊನೆಗೆ ಸ್ಪಿರಿಟ್ಟು. ತೊಳೆದದ್ದು ಸಾಕೋ ಇಲ್ಲವೋ ಎಂದು ತಿಳಿಯುವುದಕ್ಕೆ ಯಾವ ಯಂತ್ರವೂ ಬೇಡ. ಗಾಜನ್ನು ಬಾಯಿಯ ಹತ್ತಿರ ಹಿಡಿದು ಮೆತ್ತಗೆ ಉಸಿರು ಬಿಡಿ. ಮಂಜು ಒಂದೇ ಸಮನೆ ಕವಿದು ಒಂದೇ ಸಮನೆ ಕರಗಿದರೆ ಗಾಜು ಶುದ್ಧ. ಎಲ್ಲಾದರೂ ಮಚ್ಚೆ ನಿಂತರೆ ಮತ್ತೆ ತೊಳೆಯಬೇಕು. ಎಷ್ಟೋ ದಿನ ಬೆಳಗ್ಗೆ ಲ್ಯಾಬಿನ ಕಿಟಕಿಯ ಹತ್ತಿರ ನಿಂತು, ಕೈಯಲ್ಲಿದ್ದ ಗಾಜಿನ ಮೇಲೆ ನನ್ನ ಉಸಿರು ಬಂದು ಹೋಗುವುದನ್ನೂ ಅದರಾಚೆ ನಂದಿ ಬೆಟ್ಟದ ಮೇಲಿನ ಮಂಜು ಕರಗುವುದನ್ನೂ ಒಟ್ಟಿಗೆ ನೋಡಿದ್ದೇನೆ. ಹಾಗೆ ನೋಡುತ್ತಾ ನಿಂತು ಬೈಸಿಕೊಂಡದ್ದೂ ಉಂಟು.

ನಾನು ತೂಬಗೆರೆಯವಳು. ಅಪ್ಪ ರಾಗಿ ಬೆಳೆಯುತ್ತಿದ್ದರು, ಒಂದಷ್ಟು ದ್ರಾಕ್ಷಿ ಚಪ್ಪರವೂ ಇತ್ತು. ಬಿ.ಎಸ್ಸಿ. ಮುಗಿಸಿ ಕೆಲವು ವರ್ಷವಾದ ಮೇಲೆ ದೊಡ್ಡಬಳ್ಳಾಪುರದ ಹೊರಗಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬಿಗೆ ಸಹಾಯಕಿಯಾಗಿ ಸೇರಿದೆ. ಕೆಲಸ ಏನೆಂದು ಕೇಳಿದವರಿಗೆ ಹೇಳುವುದೇ ಕಷ್ಟವಾಗಿತ್ತು. ವಿರಳ ಭೂಲೋಹ ಎಂಬ ಗುಂಪಿನ ಧಾತುಗಳಿವೆ, ಅದರಲ್ಲಿ ಯುರೋಪಿಯಂ ಒಂದು. ಯಿಟ್ರಿಯಂ ಎಂಬ ಇನ್ನೊಂದು ಲೋಹದ ಉಪ್ಪಿನ ಜೊತೆ ಅದನ್ನು ಚೂರೇ ಚೂರು ಕರಗಿಸಿ, ಆ ದ್ರಾವಣದಲ್ಲಿ ಗಾಜನ್ನು ಅದ್ದಿ, ಮೆಲ್ಲಗೆ ಮೇಲೆತ್ತಿ, ಕುಲುಮೆಯಲ್ಲಿ ಏಳುನೂರು ಡಿಗ್ರಿಗೆ ಕಾಯಿಸಿದರೆ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪದರ ಕೂರುತ್ತದೆ. ಅದಕ್ಕೆ ಫಿಲ್ಮ್ ಎನ್ನುತ್ತೇವೆ. ಅದು ಎಷ್ಟು ಬೆಳಗುತ್ತದೆ, ಯಾವ ಬಣ್ಣದಲ್ಲಿ ಬೆಳಗುತ್ತದೆ ಎಂದು ಅಳೆಯುವುದು ಉಳಿದ ಅರ್ಧ ಕೆಲಸ. ನಮ್ಮಮ್ಮನಿಗೆ ಇಷ್ಟನ್ನೂ ವಿವರಿಸಿದ ಮೇಲೆ ಅವಳು, "ಅಂದ್ರೆ ಗಾಜಿಗೆ ಸುಣ್ಣ ಹೊಡೀತೀಯಾ ಅನ್ನು" ಅಂದಿದ್ದಳು. ಅದೂ ತಪ್ಪಲ್ಲ.

ಸೇರಿದ ತಿಂಗಳೊಳಗೆ ರಾಮಕೃಷ್ಣಯ್ಯ ಸರ್ ನನ್ನನ್ನು ಲ್ಯಾಬಿನ ಮೂಲೆಯಲ್ಲಿದ್ದ ಕಪ್ಪು ಪೆಟ್ಟಿಗೆಯ ಮುಂದೆ ಕೂರಿಸಿದರು. ಅವರು ನಮ್ಮ ಪ್ರೊಫೆಸರು, ನನಗೆ ಮೇಲಧಿಕಾರಿ. ಪೆಟ್ಟಿಗೆಗೆ ಕಪ್ಪು ಬಟ್ಟೆಯ ಮುಸುಕು, ಇಣುಕಲು ಒಂದು ತೂತು, ಒಳಗೆ ಅತಿನೇರಳೆ ದೀಪ. ಏನೂ ಬಳಿಯದ ಗಾಜಿನಂತೆಯೇ ಕಾಣುತ್ತಿದ್ದ ಒಂದು ಚೂರನ್ನು ಒಳಗಿಟ್ಟು ದೀಪ ಹಾಕಿದರು. ನಾನು ಕಣ್ಣಿಟ್ಟೆ. ಒಲೆಯ ಬೂದಿ ಕೆದಕಿದಾಗ ಕೆಂಡ ಕಾಣಿಸಿಕೊಳ್ಳುತ್ತದಲ್ಲ, ಹಾಗೆ ಆ ಗಾಜಿನೊಳಗಿಂದ ಒಂದು ಕೆಂಪು ಎದ್ದು ಬಂತು. ಬಿಸಿಯಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ದೀಪ ಆರಿಸಿದರೆ ಮತ್ತೆ ಬರೀ ಗಾಜು. ನಾನು ಹತ್ತು ಸಲ ಹಾಕಿ ಹತ್ತು ಸಲ ಆರಿಸಿದೆ. ಅವತ್ತೇ ನಾನು ಈ ಕೆಲಸಕ್ಕೆ ಸೋತುಹೋದೆ. ಆಮೇಲೆ ಬೇರೆ ಕಡೆ ಒಳ್ಳೆಯ ಕೆಲಸಕ್ಕೆ ಕರೆ ಬಂದಾಗಲೂ ಹೋಗಲಿಲ್ಲ.

ಸರ್ ಬಗ್ಗೆ ಒಂದು ಮಾತು. ಬೈಯುವುದರಲ್ಲಿ ಅವರದು ಧಾರಾಳ ಕೈ, ಹೊಗಳುವುದರಲ್ಲಿ ಮಹಾ ಜಿಪುಣ. ಚೆನ್ನಾಗಿದೆ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಫಿಲ್ಮ್ ಕೆಟ್ಟಿದ್ದರೆ ಇಡೀ ವರಾಂಡಕ್ಕೆ ಕೇಳುವ ಹಾಗೆ ಕೂಗುತ್ತಿದ್ದರು. ಚೆನ್ನಾಗಿ ಬಂದಿದ್ದರೆ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಕೆಳಗಿಟ್ಟು, "ಊಟ ಆಯ್ತಾ ಗೌರಮ್ಮಾ?" ಎಂದು ಕೇಳುತ್ತಿದ್ದರು. ಬೆಳಗ್ಗೆ ಹತ್ತು ಗಂಟೆಯಾದರೂ ಅದೇ ಪ್ರಶ್ನೆ. ಮೊದಲ ವರ್ಷ ನನಗೆ ಅರ್ಥವಾಗದೆ, "ಈಗ ತಾನೆ ತಿಂಡಿ ತಿಂದೆ ಸರ್" ಎಂದು ಉತ್ತರ ಕೊಡುತ್ತಿದ್ದೆ.

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿಲ್ಲದ ಬೀದಿ ಕಡಿಮೆ. ನಮ್ಮ ಲ್ಯಾಬಿನ ಹಿಂಗೋಡೆಯ ಆಚೆಗೇ ಪವರ್‌ಲೂಮ್ ಶೆಡ್ಡುಗಳ ಸಾಲು. ಹಗಲೆಲ್ಲ ಲಟಪಟ ಲಟಪಟ. ಮೊದಮೊದಲು ತಲೆ ಚಿಟ್ಟು ಹಿಡಿಯುತ್ತಿತ್ತು, ಆಮೇಲೆ ಅದು ಕೇಳಿಸುವುದೇ ನಿಂತುಹೋಯಿತು. ಆ ಕಾಲದಲ್ಲಿ ನಮ್ಮ ಫಿಲ್ಮುಗಳಲ್ಲೆಲ್ಲ ಅಡ್ಡಡ್ಡ ಗೆರೆ ಬರುತ್ತಿದ್ದವು, ಸೀರೆಯ ಪಟ್ಟೆಯ ಹಾಗೆ. ದ್ರಾವಣ ಬದಲಿಸಿದೆವು, ಗಾಜು ಬದಲಿಸಿದೆವು. ಗಾಜನ್ನು ಮೇಲೆತ್ತುವ ಪುಟ್ಟ ಮೋಟಾರಿಗೆ ಕರೆಂಟು ಸಮನಾಗಿ ಬರುತ್ತಿಲ್ಲ ಎಂದು ಸರ್ ತಮ್ಮ ಸ್ಕೂಟರಿನ ಬ್ಯಾಟರಿ ಬಿಚ್ಚಿ ತಂದು ಜೋಡಿಸಿದರು. ಗೆರೆ ಹೋಗಲಿಲ್ಲ. ಒಂದು ಮಧ್ಯಾಹ್ನ ಊರಿಗೆಲ್ಲ ಕರೆಂಟು ಹೋಯಿತು. ಮಗ್ಗಗಳು ಒಂದೊಂದಾಗಿ ನಿಂತವು. ಬ್ಯಾಟರಿಯ ಮೇಲಿದ್ದ ನಮ್ಮ ಮೋಟಾರು ಮಾತ್ರ ತನ್ನ ಪಾಡಿಗೆ ಗಾಜನ್ನು ಎತ್ತುತ್ತಲೇ ಇತ್ತು. ಆ ಗಾಜಿನ ಮೇಲೆ ಒಂದೂ ಗೆರೆಯಿರಲಿಲ್ಲ.

ಮಗ್ಗದ ಅದುರು ನೆಲದಿಂದ ಮೇಜಿಗೆ, ಮೇಜಿಂದ ದ್ರಾವಣಕ್ಕೆ ಬರುತ್ತಿತ್ತು. ಕಿವಿಗೆ ಕೇಳುವುದು ನಿಂತಿದ್ದರಿಂದ ಅದು ಇದೆ ಎಂಬುದೇ ನಮಗೆ ಮರೆತುಹೋಗಿತ್ತು. ಅಲ್ಲಿಂದ ಮುಂದೆ ಕರೆಂಟು ಹೋದರೆ ಊರೆಲ್ಲ ಶಾಪ ಹಾಕುವಾಗ ನಾವು ಮಾತ್ರ ಗಾಜು ಹಿಡಿದು ಓಡುತ್ತಿದ್ದೆವು. ಆ ಅರ್ಧ ಗಂಟೆ, ಒಂದು ಗಂಟೆಯ ಮೌನದಲ್ಲಿ ಗಾಜು ದ್ರಾವಣದಿಂದ ಮೇಲೇಳುವುದನ್ನು ನೋಡುತ್ತಾ ಕೂರುವುದು ನನ್ನ ಬದುಕಿನ ಅತಿ ಸುಖದ ಹೊತ್ತು. ನಿಮಿಷಕ್ಕೆ ಒಂದು ಉಗುರಿನಷ್ಟು ಮೇಲೇರುತ್ತಿತ್ತು. ಅದರ ಮೈಮೇಲೆ ತೆಳುವಾಗಿ ನೇರಳೆ, ಹಳದಿ, ಹಸಿರು ಬಣ್ಣಗಳು ಇಳಿದುಹೋಗುತ್ತಿದ್ದವು. ಆ ಬಣ್ಣ ನೋಡಿಯೇ ಪದರ ಎಷ್ಟು ದಪ್ಪ ಎಂದು ಹೇಳುವಷ್ಟು ಕಣ್ಣು ಪಳಗಿತ್ತು. ಈಗ ಗಿರ್ರನೆ ತಿರುಗುವ ಸ್ಪಿನ್ ಕೋಟರ್ ಬಂದಿದೆ. ಒಂದು ಹನಿ ಬಿಟ್ಟರೆ ಅರ್ಧ ನಿಮಿಷದಲ್ಲಿ ಪದರ ಸಿದ್ಧ. ಒಳ್ಳೆಯದೇ. ಆದರೆ ಅದರಲ್ಲಿ ಕೂತು ನೋಡುವುದಕ್ಕೆ ಏನೂ ಇಲ್ಲ.

ಎಡವಟ್ಟುಗಳಿಗೂ ಕೊರತೆಯಿರಲಿಲ್ಲ. ಎಕ್ಸ್-ರೇ ಪರೀಕ್ಷೆಗೆ ಫಿಲ್ಮುಗಳನ್ನು ಬೆಂಗಳೂರಿಗೆ ಒಯ್ಯಬೇಕಿತ್ತು. ಬಸ್ಸಿನ ಕುಲುಕಾಟಕ್ಕೆ ಒಡೆಯದಿರಲಿ ಎಂದು ಸ್ಟೀಲಿನ ಊಟದ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟುಕೊಂಡು ಹೋಗುತ್ತಿದ್ದೆ. ಒಂದು ಸಲ ಅಲ್ಲಿನ ಲ್ಯಾಬಿನ ವಿಜ್ಞಾನಿಯೊಬ್ಬರ ಮೇಜಿನ ಮೇಲೆ ಗಂಭೀರವಾಗಿ ಡಬ್ಬಿ ಇಟ್ಟು, "ಎಂಟು ಸ್ಯಾಂಪಲ್ ಇದಾವೆ ಸರ್" ಅಂದೆ. ಅವರು ಮುಚ್ಚಳ ತೆಗೆದರೆ ಚಿತ್ರಾನ್ನ. ಫಿಲ್ಮುಗಳು ಊಟದ ಹೊತ್ತಿಗೆ ತೆರೆಯಬೇಕೆಂದಿದ್ದ ಇನ್ನೊಂದು ಡಬ್ಬಿಯಲ್ಲಿದ್ದವು. ಆ ಮಹಾರಾಯರು ನಗದೆ, "ಇದನ್ನೂ ಟೆಸ್ಟ್ ಮಾಡ್ಬೇಕಾ ಅಮ್ಮಾ?" ಎಂದು ಕೇಳಿದರು.

ಇವೆಲ್ಲ ನಕ್ಕು ಮರೆಯುವಂಥವು. ನಕ್ಕು ಮರೆಯಲಾಗದ್ದು ಒಂದಿದೆ. ಈ ಬರಹಕ್ಕೆ ಕೂತದ್ದೇ ಅದಕ್ಕಾಗಿ.

ನಾನು ನಿವೃತ್ತಳಾಗುವುದಕ್ಕೆ ಕೆಲವು ವರ್ಷ ಮೊದಲು ಶೋಭಾ ಎಂಬ ಹುಡುಗಿ ಪಿಎಚ್.ಡಿ.ಗೆ ನಮ್ಮಲ್ಲಿ ಇದ್ದಳು. ಸೂಲಿಬೆಲೆಯವಳು. ಬೆಳಗ್ಗೆ ಎದ್ದು ಮೂರು ಹಸುಗಳ ಹಾಲು ಕರೆದು, ಡೇರಿಗೆ ಹಾಕಿ, ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಅವಳ ಬ್ಯಾಗಿನಲ್ಲಿ ನೋಟ್‌ಬುಕ್ಕುಗಳ ಜೊತೆ ಹಿಂಡಿಯ ವಾಸನೆಯೂ ಬರುತ್ತಿತ್ತು. ಜಾಣೆ, ಕೈ ಶುದ್ಧ, ಮಾತು ಖಾರ. ಆದರೆ ಅದೃಷ್ಟ ಮಾತ್ರ ಕೈಕೊಟ್ಟಿತ್ತು. ಅವಳ ಫಿಲ್ಮುಗಳು ಬೆಳಗುತ್ತಿದ್ದವು, ಹೊಸದೇನೂ ಹೇಳುತ್ತಿರಲಿಲ್ಲ. ಪಿಎಚ್.ಡಿ.ಯ ಅವಧಿ ಮುಗಿದು, ಒಂದು ಸಲ ವಿಸ್ತರಣೆಯೂ ಸಿಕ್ಕಿ, ಅದೂ ಮುಗಿಯುತ್ತಾ ಬಂದಿತ್ತು. ಇನ್ನು ಎಂಟು ತಿಂಗಳಲ್ಲಿ ಪ್ರಬಂಧ ಒಪ್ಪಿಸದಿದ್ದರೆ ಆರು ವರ್ಷದ ಕೆಲಸ ನೀರಲ್ಲಿ ಹೋಮ. ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚುವುದನ್ನು ಮಾತ್ರ ನಾನು ನೋಡುತ್ತಿದ್ದೆ.

ಆಗ ನೀಲಿ ಬಂತು.

ಕುಲುಮೆಯಿಂದ ತೆಗೆದು, ಒರೆಸಿ, ಕಪ್ಪು ಪೆಟ್ಟಿಗೆಯಲ್ಲಿಟ್ಟ ಫಿಲ್ಮಿನಲ್ಲಿ ಕೆಂಪಿನ ಜೊತೆಗೆ ಒಂದು ತಿಳಿನೀಲಿ ಹರಡಿಕೊಂಡಿತ್ತು. ಬೆಳಗಿನ ಜಾವದ ಆಕಾಶದ ಬಣ್ಣ. ಅಳೆದು ನೋಡಿದರೆ ಗ್ರಾಫಿನಲ್ಲಿ ಕೆಂಪಿನ ಚೂಪು ಶಿಖರದ ಜೊತೆ ನೀಲಿಯ ಕಡೆ ಒಂದು ಅಗಲವಾದ ದಿಬ್ಬ. ಯುರೋಪಿಯಂ ಎರಡು ರೂಪದಲ್ಲಿರಬಲ್ಲದು. ಒಂದು ರೂಪ ಕೆಂಪು ಕೊಡುತ್ತದೆ, ಇನ್ನೊಂದು ನೀಲಿ ಕೊಡಬಲ್ಲದು. ಆದರೆ ಬರೀ ಗಾಳಿಯಲ್ಲಿ ಕಾಯಿಸಿದಾಗ ಇಂಥ ಪದರದಲ್ಲಿ ಆ ಎರಡನೆಯ ರೂಪ ಬರುವ ಹಾಗೇ ಇಲ್ಲ. ನಮ್ಮಲ್ಲಿ ಬಂದಿತ್ತು. ಮತ್ತೆ ಮಾಡಿದೆವು, ಮತ್ತೆ ಬಂತು. ಯುರೋಪಿಯಂ ಹಾಕದ ಫಿಲ್ಮನ್ನು ಆರು ತಿಂಗಳ ಹಿಂದೆಯೇ ಅಳೆದಿಟ್ಟಿದ್ದೆವು, ಅದರ ಗ್ರಾಫಿನಲ್ಲಿ ನೀಲಿಯಿರಲಿಲ್ಲ. ಹಾಗಾಗಿ ಸಂಶಯಕ್ಕೆ ಎಡೆಯೇ ಇಲ್ಲ ಎಂದುಕೊಂಡೆವು. ಸರ್ ಬೆಳಗ್ಗೆ ಒಂಬತ್ತೂವರೆಗೆ ಶೋಭಾಳನ್ನು, "ಊಟ ಆಯ್ತೇನಮ್ಮಾ?" ಎಂದು ಕೇಳಿದರು. ಅವಳು ನನ್ನ ಕಡೆ ತಿರುಗಿ ಕಣ್ಣು ತುಂಬಿಕೊಂಡಳು. ಲೇಖನ ಬರೆದದ್ದಾಯಿತು, ಸೋಮವಾರ ಪತ್ರಿಕೆಗೆ ಕಳಿಸುವುದು ಎಂದಾಯಿತು. ಅವಳ ಮನೆಯಲ್ಲಿ ಹಸು ಕರು ಹಾಕಿತ್ತು, ಲ್ಯಾಬಿಗೆಲ್ಲ ಗಿಣ್ಣು ತಂದಳು.

ಗುರುವಾರ ಮಧ್ಯಾಹ್ನ ನಾನು ಪೆಟ್ಟಿಗೆಯೊಳಗಿನ ಪೀಠವನ್ನು ಶುಚಿ ಮಾಡುತ್ತಿದ್ದೆ. ಫಿಲ್ಮನ್ನು ಹೊರಗೆ ತೆಗೆದಿಟ್ಟು, ಅದರ ಕೆಳಗೆ ಆಧಾರಕ್ಕಿಡುವ ಬರೀ ಗಾಜಿನ ಚೂರನ್ನೂ ಒರೆಸಿ ಒಳಗಿಟ್ಟೆ. ದೀಪ ಆರಿಸುವುದನ್ನು ಮರೆತಿದ್ದೆ. ಮುಸುಕು ಎಳೆದು ಸುಮ್ಮನೆ ಇಣುಕಿದರೆ ಅದೇ ನೀಲಿ. ಯುರೋಪಿಯಂ ಇಲ್ಲ, ಯಿಟ್ರಿಯಂ ಇಲ್ಲ, ಏನೂ ಇಲ್ಲದ ಗಾಜು ಬೆಳಗುತ್ತಿತ್ತು. ಕೈಯಲ್ಲಿದ್ದ ಬಟ್ಟೆಯನ್ನು ಒಳಗೆ ಹಿಡಿದೆ. ಬಟ್ಟೆ ಹುಣ್ಣಿಮೆಯ ಹಾಗೆ ಬೆಳಗಿತು.

ಆ ಬಟ್ಟೆ ನಮ್ಮ ಮನೆಯವರ ಹಳೆಯ ಪಂಚೆ. ಒರೆಸುವ ವಿಶೇಷ ಕಾಗದ ಲ್ಯಾಬಿನಲ್ಲಿ ಮುಗಿದು, ಹೊಸದು ಬರುವುದು ತಡವಾಗಿತ್ತು. ನಮ್ಮ ಕಡೆ ಬೆಲೆಬಾಳುವ ಏನನ್ನೇ ಒರೆಸಲಿ, ಸುತ್ತಿಡಲಿ, ತೊಳೆದು ತೊಳೆದು ಮೆತ್ತಗಾದ ಹಳೆ ಪಂಚೆಯೇ ಆಗಬೇಕು. ಕೂಸನ್ನು ಮೊದಲು ಸುತ್ತುವುದೂ ಅದರಲ್ಲೇ. ನನ್ನ ಪ್ರೀತಿಯ ಫಿಲ್ಮುಗಳಿಗೂ ಅದನ್ನೇ ತಂದೆ. ನಮ್ಮ ಯಜಮಾನರಿಗೆ ಪಂಚೆ ಹಾಲಿನ ಹಾಗೆ ಬೆಳ್ಳಗಿರಬೇಕು, ಅದಕ್ಕೆ ಬಿಳುಪು ಹೆಚ್ಚಿಸುವ ಸೋಪಿನ ಪುಡಿಯಲ್ಲೇ ನೆನೆಹಾಕಬೇಕು. ಆ ಪುಡಿಯಲ್ಲಿ ಅತಿನೇರಳೆ ಬೆಳಕಿಗೆ ನೀಲಿ ಹೊಳೆಯುವ ಒಂದು ಬಣ್ಣ ಬೆರೆಸಿರುತ್ತಾರೆ, ಬಟ್ಟೆ ಇನ್ನಷ್ಟು ಬೆಳ್ಳಗೆ ಕಾಣಲಿ ಎಂದು. ನಾನು ಪಂಚೆಯ ತುಂಡಿಗೆ ಸ್ಪಿರಿಟ್ಟು ಹಾಕಿ ಒರೆಸಿದಾಗಲೆಲ್ಲ ಆ ಬಣ್ಣ ಬಟ್ಟೆಯಿಂದ ಬಿಟ್ಟು ಗಾಜಿಗೆ ಹತ್ತಿತ್ತು. ಯುರೋಪಿಯಂ ಇಲ್ಲದ ಹಳೆಯ ಫಿಲ್ಮನ್ನು ಅಳೆದದ್ದು ಪಂಚೆ ಬರುವುದಕ್ಕೆ ಮೊದಲು.

ಆಗ ನಾನು ಏನು ಮಾಡಿದೆ ಎಂದು ಕಿರಿಯರಾದ ನಿಮಗೆ ಮುಚ್ಚಿಡುವುದಿಲ್ಲ. ಮುಸುಕು ಮುಚ್ಚಿದೆ, ಬಟ್ಟೆ ಮಡಚಿ ಸೆರಗಿನೊಳಗೆ ಇಟ್ಟುಕೊಂಡೆ, ಮೂರು ದಿನ ಬಾಯಿ ಬಿಡಲಿಲ್ಲ. ಶುಕ್ರವಾರ ಶೋಭಾ ಉಳಿದ ಗಿಣ್ಣನ್ನು ನನಗೆಂದೇ ಎತ್ತಿಟ್ಟು ತಂದಳು. "ಅಕ್ಕಾ, ಈ ನೀಲಿ ನಿಮ್ ಕೈಗುಣ ಕಣಕ್ಕಾ" ಅಂದಳು. ನಾನು ಗಿಣ್ಣು ಈಸಿಕೊಂಡು ತಿಂದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಅವಳ ಆರು ವರ್ಷ ಹೋಗುತ್ತದೆ, ಅದೂ ನನ್ನ ಕೈಯಿಂದ. ನನಗೆ ಭಯವಾಗಿತ್ತು, ನಾಚಿಕೆಯೂ ಆಗಿತ್ತು. ಯಾವುದು ಹೆಚ್ಚು ಎಂದು ಇವತ್ತಿಗೂ ಹೇಳಲಾರೆ.

ಭಾನುವಾರ ಬೆಳಗ್ಗೆ ಪಂಚೆ ನೆನೆಹಾಕಿದ ಬಕೆಟ್ಟಿನ ಮುಂದೆ ಕೂತುಬಿಟ್ಟಿದ್ದೆ. ಯಜಮಾನರು ಬಂದು, "ಏನಾಯ್ತೇ ನಿಂಗೆ? ಪಂಚೇನ ಹಂಗ್ ನೋಡ್ತಾ ಕೂತಿದ್ದೀಯಲ್ಲ" ಅಂದರು. ಎಲ್ಲ ಹೇಳಿದೆ. ಅವರಿಗೆ ಯುರೋಪಿಯಂ ಗೊತ್ತಿಲ್ಲ, ಆದರೆ ಪೂರ್ತಿ ಕೇಳಿಸಿಕೊಂಡರು.

"ಆ ಮಗೀಗೆ ಗೊತ್ತಾ?"

"ಇಲ್ಲ."

"ಮತ್ತೆ ಹೇಳ್ಬಿಡು. ನನ್ ಪಂಚೆ ಬಣ್ಣಾನ ಆ ಹುಡ್ಗಿ ತನ್ ಹೆಸ್ರಲ್ಲಿ ಬರ್ಕೊಂಡು ನಾಳೆ ಯಾರ್ ಕೈಲಾದ್ರೂ ಸಿಕ್ಕಾಕ್ಕೊಂಡ್ರೆ? ಬೈದ್ರೆ ಬೈಸ್ಕೋ, ಏನೀಗ."

ಸೋಮವಾರ ಬೆಳಗ್ಗೆ ಶೋಭಾ ಬರುವುದನ್ನೇ ಕಾದು, ಪೆಟ್ಟಿಗೆಯ ಮುಂದೆ ಕೂರಿಸಿದೆ. ಬರೀ ಗಾಜನ್ನು ಅವಳ ಕಣ್ಣೆದುರೇ ಪಂಚೆಯ ತುಂಡಿನಿಂದ ಒರೆಸಿ ಒಳಗಿಟ್ಟೆ. ಅವಳು ಕಣ್ಣಿಟ್ಟು ನೋಡಿದಳು.

"ಯಾವತ್ತು ಗೊತ್ತಾಯ್ತು?"

"ಗುರುವಾರ."

"ಗುರುವಾರಾನಾ? ಶುಕ್ರವಾರ ನನ್ ಕೈಲಿ ಗಿಣ್ಣು ಇಸ್ಕೊಂಡ್ ತಿಂದ್ರಲ್ಲ ಅಕ್ಕಾ!" ಎಂದವಳೇ ಬ್ಯಾಗು ಎತ್ತಿಕೊಂಡು ಹೊರಟುಹೋದಳು. ತಪ್ಪಾದದ್ದಕ್ಕಿಂತ ಆ ಮೂರು ದಿನಕ್ಕೆ ಅವಳಿಗೆ ನೋವಾಗಿತ್ತು. ಅದು ನ್ಯಾಯವೇ.

ಸರ್‌ಗೂ ಹೇಳಿದೆ. ಇಡೀ ವರಾಂಡಕ್ಕೆ ಕೇಳುವ ಹಾಗೆ ಕೂಗುತ್ತಾರೆ ಎಂದುಕೊಂಡಿದ್ದೆ. ಅವರು ಕೂಗಲಿಲ್ಲ. ನೀಲಿ ಕೊಡುತ್ತಿದ್ದ ಫಿಲ್ಮುಗಳಲ್ಲಿ ಒಂದನ್ನು ಇಕ್ಕಳದಲ್ಲಿ ಎತ್ತಿ ನನ್ನ ಕೈಗೆ ಕೊಟ್ಟು, "ಐನೂರಕ್ಕೆ ಕಾಯ್ಸಿ" ಅಂದರು. ಯುರೋಪಿಯಂನ ನೀಲಿಯಾದರೆ ಅಷ್ಟು ಬಿಸಿಗೆ ಜಗ್ಗುವುದಿಲ್ಲ, ಸೋಪಿನ ಬಣ್ಣವಾದರೆ ಸುಟ್ಟುಹೋಗುತ್ತದೆ. ಕುಲುಮೆ ಕಾಯುವುದಕ್ಕೆ ಒಂದು ಗಂಟೆ, ಆರುವುದಕ್ಕೆ ಮೂರು ಗಂಟೆ. ಇಬ್ಬರೂ ಎದುರೆದುರು ಕೂತಿದ್ದೆವು. ಆಚೆ ಮಗ್ಗಗಳು ಆಡುತ್ತಿದ್ದವು, ಅವತ್ತು ಒಂದೊಂದು ಏಟೂ ಕೇಳಿಸುತ್ತಿತ್ತು. ಸಂಜೆ ನಾಲ್ಕಕ್ಕೆ ಫಿಲ್ಮು ಪೆಟ್ಟಿಗೆಗೆ ಹೋಯಿತು. ಕೆಂಪು ಮಾತ್ರ ಬಂತು. ಸರ್ ದೀಪ ಆರಿಸಿ, ಲೇಖನದ ಪ್ರತಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಮನೆಗೆ ಹೋದರು.

ಎಂಟು ದಿನ ಶೋಭಾ ಬರಲಿಲ್ಲ. ನಾನು ಫೋನ್ ಮಾಡಿದರೆ ಎತ್ತಲಿಲ್ಲ. ಒಂಬತ್ತನೆಯ ದಿನ ಬಾಗಿಲಲ್ಲಿ ಹಿಂಡಿಯ ವಾಸನೆ ಬಂತು, ತಿರುಗಿ ನೋಡಿದರೆ ಅವಳು. ಬ್ಯಾಗು ಮೇಜಿನ ಮೇಲೆ ಕುಕ್ಕಿ, "ಎಲ್ಲಾ ಫಿಲ್ಮೂ ಮತ್ತೆ ಮಾಡ್ಬೇಕು. ಒಂದನ್ನೂ ಒರ್ಸಂಗಿಲ್ಲ. ಗಾಜು ತೊಳೀರಿ" ಅಂದಳು. ಅಕ್ಕ ಅನ್ನಲಿಲ್ಲ. ನಾನು ಗಾಜು ತೊಳೆದೆ. ಇಷ್ಟು ಚೆನ್ನಾಗಿ ಯಾವತ್ತೂ ತೊಳೆದಿರಲಿಲ್ಲ.

ಆಮೇಲಿನ ತಿಂಗಳುಗಳು ನನಗೆ ನಿದ್ದೆಯಲ್ಲಿ ನಡೆದ ಹಾಗೆ ನೆನಪಿವೆ. ಉಸಿರು, ಮಂಜು, ಗಾಜು, ಕೆಂಪು, ಮತ್ತೆ ಉಸಿರು. ಸ್ಪಿನ್ ಕೋಟರ್ ಪಕ್ಕಕ್ಕಿರಲಿ, ನಿಧಾನಕ್ಕೆ ಅದ್ದಿ ತೆಗೆದದ್ದೇ ಸಮ ಬರುತ್ತದೆ ಎಂದು ಅವಳೇ ಹಟ ಹಿಡಿದಳು. ಕಪಾಟಿನ ಮೇಲಿದ್ದ ಹಳೆಯ ಮೋಟಾರು ಕೆಳಗಿಳಿಯಿತು. ಕರೆಂಟು ಹೋದ ಹೊತ್ತಿನಲ್ಲಿ ನಾವಿಬ್ಬರೂ ಮಾತಿಲ್ಲದೆ ಕೂತು ಗಾಜು ಮೇಲೇಳುವುದನ್ನು ನೋಡುತ್ತಿದ್ದೆವು. ಅಂಥ ಒಂದು ಮೌನದಲ್ಲಿ ಅವಳು ಗಾಜಿನಿಂದ ಕಣ್ಣು ತೆಗೆಯದೆ, "ಅಕ್ಕಾ, ನೇರಳೆ ಬಂತು ನೋಡಿ" ಅಂದಳು. ನನಗೆ ಅಳು ಬಂತು, ತೋರಿಸಿಕೊಳ್ಳಲಿಲ್ಲ.

ಪ್ರಬಂಧವನ್ನು ಕೊನೆಯ ದಿನ, ಕಚೇರಿ ಮುಚ್ಚುವ ಮುಂಚೆ ಒಪ್ಪಿಸಿದಳು. ಅದರಲ್ಲಿ ಲೋಕ ಬೆರಗಾಗುವಂಥದ್ದು ಏನೂ ಇರಲಿಲ್ಲ. ಒಳ್ಳೆಯ ಕೆಂಪು ಫಿಲ್ಮುಗಳು, ನಂಬಬಹುದಾದ ಅಳತೆಗಳು, ಮತ್ತು ಹುಸಿ ನೀಲಿಯ ಬಗ್ಗೆ ನಾಲ್ಕು ಪುಟ. ಆ ನಾಲ್ಕು ಪುಟ ಇರಲೇಬೇಕು ಎಂದು ಸರ್ ಹೇಳಿದ್ದರು. ಅದರಲ್ಲಿ ನನ್ನ ಹೆಸರಿರಲಿಲ್ಲ, ಒರೆಸುವ ಬಟ್ಟೆ ಎಂದಷ್ಟೇ ಇತ್ತು. ಅವಳಿಗೆ ಡಾಕ್ಟರೇಟ್ ಬಂತು. ಸರ್ ನಿವೃತ್ತರಾದರು, ನಾನೂ ಆದೆ. ನಾನು ಹೊರಟ ದಿನ ಹಾರ ಹಾಕಿದರು, ಭಾಷಣ ಮಾಡಿದರು. ಸರ್ ಮಾತ್ರ ಆ ಸೋಮವಾರದ ಮೇಲೆ ನನ್ನನ್ನು ಊಟ ಆಯಿತೇ ಎಂದು ಒಂದು ದಿನವೂ ಕೇಳಿರಲಿಲ್ಲ. ಅದು ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು.

ಕಳೆದ ವರ್ಷ ಶೋಭಾ ಫೋನ್ ಮಾಡಿದಳು. ಈಗ ಹೊಸಕೋಟೆ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಒಂದು ಪುಟ್ಟ ಲ್ಯಾಬು ಕಟ್ಟಿಕೊಂಡಿದ್ದಾಳೆ. "ಬಂದ್ ಹೋಗಿ ಅಕ್ಕಾ" ಅಂದಳು. ಹೋದೆ. ಅವಳಿನ್ನೂ ಕ್ಲಾಸಿನಲ್ಲಿದ್ದಳು. ಲ್ಯಾಬಿನಲ್ಲಿ ಒಬ್ಬಳು ವಿದ್ಯಾರ್ಥಿನಿ ಕಪ್ಪು ಪೆಟ್ಟಿಗೆಯ ಮುಂದೆ ಕೂತಿದ್ದಳು. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ, ಯಾರದೋ ತಾಯಿ ನೋಡಲು ಬಂದಿದ್ದಾರೆ ಎಂದುಕೊಂಡಳೇನೋ. ಫಿಲ್ಮು ಇಡುವ ಮೊದಲು ಒಂದು ಪುಟ್ಟ ಡಬ್ಬಿಯಿಂದ ಬರೀ ಗಾಜನ್ನು ತೆಗೆದು, ಒರೆಸಿ, ಪೆಟ್ಟಿಗೆಯಲ್ಲಿಟ್ಟು ಇಣುಕಿದಳು.

"ಅದರ ಮೇಲೆ ಏನೂ ಇಲ್ವಲ್ಲಮ್ಮಾ, ಯಾಕೆ ನೋಡ್ತೀಯಾ?" ಅಂದೆ, ಬೇಕೆಂದೇ.

"ಆಂಟಿ, ಫಸ್ಟು ಇದನ್ನೇ ನೋಡ್ಬೇಕು. ಫಿಲ್ಮನ್ನ ಹೆಂಗೆ ತೊಳೀತೀವೋ ಒರ್ಸ್ತೀವೋ ಇದನ್ನೂ ಹಂಗೇ ಮಾಡಿ ಇಡೋದು. ಇದು ಕತ್ಲಾಗಿದ್ರೆ ಮಾತ್ರ ಮುಂದಿಂದು ನಿಜ. ಇಲ್ಲಾಂದ್ರೆ ನಮ್ ಮ್ಯಾಡಮ್ಮು ಯಾವ್ ಗ್ರಾಫೂ ಮುಟ್ಟಲ್ಲ" ಅಂದಳು. "ಇದಕ್ಕೆ ಗೌರಮ್ಮನ ಗಾಜು ಅಂತಾರೆ."

"ಯಾರಮ್ಮಾ ಗೌರಮ್ಮ?"

"ಗೊತ್ತಿಲ್ಲ ಆಂಟಿ. ಯಾರೋ ದೊಡ್ಡ ಸೈಂಟಿಸ್ಟ್ ಇರ್ಬೇಕು."

ನಾನು ಅವಳನ್ನು ಸರಿಸಿ ಪೆಟ್ಟಿಗೆಗೆ ಕಣ್ಣಿಟ್ಟೆ. ದೀಪ ಉರಿಯುತ್ತಿತ್ತು. ಗಾಜು ಕತ್ತಲಾಗಿತ್ತು, ಅಂಚಿನಿಂದ ಅಂಚಿಗೆ ಒಂದೇ ಸಮನೆ ಕತ್ತಲು, ಒಂದು ಮಚ್ಚೆಯೂ ಇಲ್ಲ. ಮೂವತ್ತೊಂದು ವರ್ಷ ಬೆಳಗುವ ಗಾಜುಗಳನ್ನು ಮಾಡಿದವಳು ನಾನು, ಅಷ್ಟು ಚೆಂದದ್ದನ್ನು ಎಂದೂ ನೋಡಿರಲಿಲ್ಲ. ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ತಲೆಯೆತ್ತಲು ಮನಸ್ಸಾಗಲಿಲ್ಲ.

"ಊಟ ಆಯ್ತಾ ಅಕ್ಕಾ?" ಎಂದಳು ಶೋಭಾ.

ಬೆಳಗ್ಗೆ ಹತ್ತೂವರೆ ಗಂಟೆ.

"ಆಯ್ತು ಕಣಮ್ಮಾ" ಅಂದೆ.